ಗಂಡಸಿಲ್ಲದ ಮನೆಯ ಪಡಿತರ

ಹೆತ್ತ ಮಗನನ್ನೇ ನಾನು ಎರಡು ವರ್ಷ "ಬನ್ನಿ, ಕೂತ್ಕೊಳ್ಳಿ" ಎಂದು ಬಹುವಚನದಲ್ಲಿ ಮಾತಾಡಿಸಿದ್ದೇನೆ. ನಗುವುದಾದರೆ ನಕ್ಕುಬಿಡಿ. ನಮ್ಮ ಬೀದಿಯವರೆಲ್ಲ ನಕ್ಕು ಆಗಿದೆ.

ಮಗ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸದಲ್ಲಿದ್ದ. ಊರಿನ ವ್ಯಾಪಾರವೇ ನೆಲಕಚ್ಚಿದ ಮೇಲೆ ಅಚ್ಚು ಹಾಕಿಸುವವರು ಯಾರು? ಮೊದಲು ಬ್ಯಾಂಕು ಬಾಗಿಲು ಹಾಕಿತು, ಆಮೇಲೆ ಬಟ್ಟೆ ಗಿರಣಿ, ಅದರ ಬೆನ್ನಿಗೇ ಅಚ್ಚುಕೂಟ. ಸೊಸೆ ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿದು ತರುತ್ತಿದ್ದ ಪುಡಿಗಾಸು ಒಲೆ ಉರಿಸುವುದಕ್ಕೂ ಸಾಲುತ್ತಿರಲಿಲ್ಲ. ಮೊಮ್ಮಗಳು ಆಗಿನ್ನೂ ತೊದಲು ನುಡಿಯುವ ಕೂಸು. ಅಳುವುದಕ್ಕೂ ತ್ರಾಣವಿಲ್ಲದೆ ಚಾಪೆಯ ಮೇಲೆ ಬಿದ್ದಿರುತ್ತಿತ್ತು. ಅಳುವ ಮಗುವನ್ನಾದರೂ ಎತ್ತಿ ಆಡಿಸಬಹುದು, ಅಳದೆ ಬಿದ್ದಿರುವ ಮಗುವನ್ನು ನೋಡುತ್ತ ಕೂರುವ ಕಷ್ಟ ನನ್ನ ಶತ್ರುವಿಗೂ ಬೇಡ.

ಆಗ ಹೊಸ ಸರ್ಕಾರ ಬಂತು. ಬಂದದ್ದೇ ತಡ, ಸುಧಾರಣೆ ಸುಧಾರಣೆ ಎಂದು ಡಂಗುರ ಹೊಡೆಯಿತು. ಸುಳ್ಳೇಕೆ ಹೇಳಲಿ, ಬರೀ ಬಾಯಿಮಾತೇನೂ ಆಗಿರಲಿಲ್ಲ. ಬ್ಯಾಂಕಿನ ಬಾಗಿಲು ತೆರೆಯಿತು. ಊರ ಹೊರಗೆ ರಸ್ತೆ ಕೆಲಸ ಶುರುವಾಯಿತು. ಬಡವರ ಮನೆಗೆ ಹಿಟ್ಟು, ಹಾಲಿನ ಪುಡಿ, ಸಕ್ಕರೆ ಕೊಡುತ್ತೇವೆ ಎಂದರು. ಆದರೆ ಅದಕ್ಕೊಂದು ಕೊಕ್ಕೆ. ದುಡಿಯುವ ವಯಸ್ಸಿನ ಗಂಡಸಿರುವ ಮನೆಗೆ ಪಡಿತರವಿಲ್ಲ, ಅವನಿಗೆ ರಸ್ತೆ ಕೆಲಸ ಇದೆಯಲ್ಲ! ಇದೆ, ಯಾರು ಇಲ್ಲವೆಂದರು? ನನ್ನ ಮಗ ದಿನಾ ಬೆಳಿಗ್ಗೆ ಅಲ್ಲಿ ಹೋಗಿ ನಿಲ್ಲುತ್ತಿದ್ದ. ಅವನ ಸಣ್ಣ ಬೆರಳುಗಳನ್ನು ನೋಡಿ ಮೇಸ್ತ್ರಿ, "ನಿನ್ನ ಕೈಲಿ ಗುದ್ದಲಿ ನಿಲ್ಲುತ್ತೇನಯ್ಯಾ? ನಾಳೆ ಬಾ ಹೋಗು," ಎಂದು ಸಾಗಹಾಕುತ್ತಿದ್ದ. ಈ ಕಾನೂನು ಬರೆದವನ ಮನೆಯಲ್ಲಿ ಮುದುಕಿಯರು ಯಾರೂ ಇರಲಿಲ್ಲವೆಂದು ಕಾಣುತ್ತದೆ. ಇದ್ದಿದ್ದರೆ ಕಿವಿ ಹಿಂಡಿ ಬುದ್ಧಿ ಹೇಳುತ್ತಿದ್ದರು.

"ನಾನು ಮನೆ ಬಿಟ್ಟು ಓಡಿಹೋದೆ ಅಂತ ಹೇಳಿಬಿಡಮ್ಮಾ," ಎಂದ ಮಗ ಒಂದು ದಿನ, ತಲೆ ಎತ್ತದೆ.

ಮುಚ್ಚಿದ್ದ ಅಚ್ಚುಕೂಟದ ಕಾವಲುಗಾರ ಒಳ್ಳೆಯವನು. ಹಿಂದಿನ ಕೋಣೆಯಲ್ಲಿ ಕಾಗದದ ಚೂರುಗಳ ಮೇಲೆ ಇವನಿಗೆ ಮಲಗಲು ಜಾಗ ಕೊಟ್ಟ. ಯಾರು ಕೇಳಿದರೂ ಓಡಿಹೋದ ಎನ್ನುತ್ತೇವೆಂದು ಬೀದಿಯವರೂ ಮಾತು ಕೊಟ್ಟರು. ನಮಗೆ ಪಡಿತರ ಬಂತು. ಮಗುವನ್ನು ಬಿಟ್ಟಿರಲಾರದೆ ಮಗ ಹಗಲು ಹೊತ್ತು ಬಂದು ಹೋಗುತ್ತಿದ್ದ. ಪರಿಹಾರ ಕಚೇರಿಯ ಇನ್ಸ್‌ಪೆಕ್ಟರ್ ಹೇಳದೆ ಕೇಳದೆ ನುಗ್ಗಿ, ಬಾಗಿಲ ಹಿಂದೆ ಗಂಡಸಿನ ಚಪ್ಪಲಿ ಇದೆಯಾ, ಗೂಡಿನಲ್ಲಿ ಕ್ಷೌರದ ಕತ್ತಿ ಇದೆಯಾ ಎಂದು ತಡಕಾಡುತ್ತಿದ್ದ. ಮಗ ಅವನ ಕಣ್ಣಿಗೆ ಬಿದ್ದರೆ ಯಾರೆಂದು ಹೇಳುವುದು? ಸೊಸೆಯ ಅಣ್ಣ ಎಂದೆವು. ಸೊಸೆಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಬೀಗರ ಕಡೆಯವರೆಂದ ಮೇಲೆ ನಾನು ಮರ್ಯಾದೆ ಕೊಡಬೇಡವೇ? "ಹುಟ್ಟಿದಾಗಿಂದ ಸಿಗದ ಮರ್ಯಾದೆ ಈಗ ಸಿಕ್ತು ನೋಡು," ಎಂದು ಮಗ ನಗುತ್ತಿದ್ದ. ಬಾಯಿ ತಪ್ಪೀತೆಂಬ ಹೆದರಿಕೆಗೆ ಯಾರೂ ಇಲ್ಲದಾಗಲೂ ನಾನು ಬಹುವಚನ ಬಿಡಲಿಲ್ಲ.

ಮಗುವಿಗೆ ಪಾಠ ಹೇಳಿಕೊಟ್ಟವನು ಅವನೇ. "ಅಪ್ಪ ಎಲ್ಲಿ?" ಎಂದರೆ "ಓಡಿಹೋದ" ಅನ್ನಬೇಕು. "ಇವರ್ಯಾರು?" ಎಂದರೆ "ಮಾವ" ಅನ್ನಬೇಕು. ಸರಿಯಾಗಿ ಹೇಳಿದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದ. ಸೊಸೆ ಆಗ ಎದ್ದು ಒಳಗೆ ಹೋಗಿಬಿಡುತ್ತಿದ್ದಳು.

ಮಗು ಚೇತರಿಸಿಕೊಂಡಿತು. ಕೆನ್ನೆ ತುಂಬಿತು, ಮಾತು ಅರಳು ಹುರಿದಂತಾಯಿತು. ಒಂದು ಮಧ್ಯಾಹ್ನ ಮಗ ಬಾಗಿಲು ಹಾಕಿ, ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಒಂದೇ ಒಂದ್ಸಲ, ಮೆಲ್ಲಗೆ, ಅಪ್ಪಾ ಅನ್ನು ಪುಟ್ಟಿ," ಎಂದ. ಪುಟ್ಟಿ ಬಿದ್ದು ಬಿದ್ದು ನಕ್ಕಳು. "ಅಯ್ಯೋ ಪೆದ್ದು! ನೀನು ಮಾವ ಅಲ್ವಾ?" ಅವನು ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದ.

ಅದಾದ ಮೇಲೆ ಒಬ್ಬ ಹೆಂಗಸು ಬಂದಳು. ಸರ್ಕಾರದ ಸುಧಾರಣೆಗಳಿಂದ ಜನಕ್ಕೆ ಏನಾಯಿತು, ಏನಾಗಲಿಲ್ಲ ಎಂದು ಮನೆಮನೆ ಕೇಳಿ ವರದಿ ಕೊಡುವವಳಂತೆ. ಕನ್ನಡಕ, ಮೆತ್ತಗಿನ ಮಾತು. ಸೊಸೆ ಕೆಲಸಕ್ಕೆ ಹೋಗಿದ್ದಳು. ಮಗ ಮಗುವಿನ ಜೊತೆ ಗೋಲಿ ಆಡುತ್ತಿದ್ದವನು ಎದ್ದು ನಿಂತ. "ನೀವು ಕೂತ್ಕೊಳ್ಳಿ," ಎಂದೆ ಅವನಿಗೆ, ರೂಢಿಯಂತೆ.

"ಹೆದರಬೇಡಿ ಅಜ್ಜಿ, ನಾನು ಇನ್ಸ್‌ಪೆಕ್ಟರ್ ಕಡೆಯವಳಲ್ಲ," ಎಂದಳು. "ಗಂಡಸಿರೋ ಮನೆಗೆ ಪಡಿತರ ಇಲ್ಲ ಅನ್ನೋ ನಿಯಮದಿಂದ ಮನೆಗಳು ಒಡೀತಿವೆ ಅಂತ ದೂರು ಬಂದಿದೆ. ಅಂಥ ಮನೆಗಳು ನಿಜವಾಗ್ಲೂ ಸಿಕ್ಕಿದ್ರೆ ನಿಯಮ ತೆಗೆಸಬಹುದು. ನಿಜ ಹೇಳಿದ್ರೆ ನಿಮ್ಮ ಪಡಿತರಕ್ಕೆ ಏನೂ ಆಗಲ್ಲ."

ನಾನು ಮಗನ ಮುಖ ನೋಡಿದೆ. ಅವನ ಕಣ್ಣಲ್ಲಿ ಎಷ್ಟೋ ದಿನದಿಂದ ಕಾಣದ ಆಸೆ ಇತ್ತು. ಹೂಂ ಎಂದು ತಲೆಯಾಡಿಸಿದ.

"ಇವನು ನನ್ನ ಮಗ ಕಣಮ್ಮಾ!" ಎಂದೆ. ಕಟ್ಟೆಯೊಡೆದು ಬಂತು ಮಾತು. "ಈ ಮಗುವಿನ ಅಪ್ಪ. ಎಲ್ಲೂ ಓಡಿಹೋಗಿಲ್ಲ. ಇವನನ್ನ ಮನೆಗೆ ಸೇರಿಸಿಕೊಡಿ, ನಿಮಗೆ ಪುಣ್ಯ ಬರುತ್ತೆ."

ಅವಳ ಪೆನ್ಸಿಲ್ ನಿಂತಿತು. "ಈಗ ತಾನೇ ಇವರಿಗೆ 'ನೀವು ಕೂತ್ಕೊಳ್ಳಿ' ಅಂದ್ರಲ್ಲ? ಮಗನಿಗೆ ಹಾಗಂತಾರಾ? ಬೀದೀಲಿ ಕೇಳಿಕೊಂಡೇ ಬಂದೆ. ಓಡಿಹೋದ ಅಂತ ಎಲ್ಲರೂ ಹೇಳಿದ್ರು."

ಹೌದು, ಹೇಳಿರುತ್ತಾರೆ. ನಮ್ಮ ಬೀದಿಯವರು ಕೊಟ್ಟ ಮಾತಿಗೆ ತಪ್ಪುವವರಲ್ಲ.

ಅವಳು ಮಗುವಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. "ಪುಟ್ಟಿ, ನಿಮ್ಮಪ್ಪ ಎಲ್ಲಮ್ಮಾ?"

"ಓಡಿಹೋದ."

"ಮತ್ತೆ ಇವರು?"

"ಮಾವ!"

"ಅಲ್ವೇ! ಅಪ್ಪ ಅನ್ನೇ, ಅಪ್ಪ ಅನ್ನೇ ನಿನ್ನ ದಮ್ಮಯ್ಯ!" ನಾನು ಅದರ ತೋಳು ಹಿಡಿದು ಅಲುಗಿಸಿದೆ. ಮಗು ಬೆಚ್ಚಿ ನನ್ನನ್ನೂ ಆ ಹೆಂಗಸನ್ನೂ ನೋಡಿತು. ಇಷ್ಟು ದಿನ ಹೇಳಬಾರದೆಂದ ಮಾತನ್ನು ಹೊರಗಿನವರ ಎದುರಿಗೇ ಹೇಳು ಎಂದರೆ ಅದಕ್ಕೇನು ಅರ್ಥವಾಗಬೇಕು? "ಮಾವ, ಮಾವ," ಎಂದು ಬಿಕ್ಕತೊಡಗಿತು.

ಮಗ ಅದನ್ನು ಎತ್ತಿಕೊಂಡ. "ಬಿಡಿ, ಹೆದರಿಸಬೇಡಿ," ಎಂದ ನನಗೆ. ಆಮೇಲೆ ಅವಳ ಕಡೆ ತಿರುಗಿ, "ಮಗು ಹೇಳಿದ್ದೇ ಸರಿ ಮೇಡಂ. ನಾನು ಮಾವನೇ," ಎಂದ.

"ಮಕ್ಕಳು ಸುಳ್ಳು ಹೇಳಲ್ಲ ಅಜ್ಜಿ," ಎಂದಳು ಅವಳು, ಬೇಸರದಿಂದಲ್ಲ, ಅಯ್ಯೋ ಪಾಪ ಎನ್ನುವ ದನಿಯಲ್ಲಿ. "ಪಡಿತರದಿಂದ ಉಪಯೋಗ ಆಯ್ತಾ ನಿಮಗೆ? ಅದೊಂದು ಹೇಳಿಬಿಡಿ."

ಮಗುವಿನ ತುಂಬಿದ ತೋಳು ಅವನ ಕತ್ತನ್ನು ಬಳಸಿತ್ತು. ಇಲ್ಲವೆಂದು ಹೇಗೆ ಹೇಳಲಿ? "ತುಂಬಾ ಆಯ್ತಮ್ಮಾ," ಎಂದೆ. ಬರೆದುಕೊಂಡು, ಕೈಮುಗಿದು ಹೋದಳು.

ಬಾಗಿಲು ಹಾಕಿದ ಮೇಲೆ ಮಗು ಮೂಗು ಒರೆಸಿಕೊಂಡು ನನ್ನತ್ತ ತಿರುಗಿತು.

"ನಾನು ಸರಿಯಾಗಿ ಹೇಳಿದ್ನಾ ಅಜ್ಜೀ?"

ಉತ್ತರ ಕೊಟ್ಟವನು ಮಗ.

"ತುಂಬಾ ಚೆನ್ನಾಗಿ ಹೇಳಿದೆ ಕಂದಾ," ಎಂದ.