ಕಡ್ಡಿಪೆಟ್ಟಿಗೆ

"ತಗೀಯೇ ರಂಡೆ, ತಗೀ! ಹೇಲು ತಂದು ಮೇಜಿನ ಮ್ಯಾಲೆ ಇಡ್ತೀಯಲ್ಲ, ಇದೇನು ನಿಮ್ಮಪ್ಪನ ಮನೀ ಅಂತ ತಿಳಿದೀ?"

ಕಾಲನಿ ದವಾಖಾನೆಯ ಕಂಪೌಂಡರ್ ನರಹರಿ ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಮೇಜಿನ ಮೇಲಿದ್ದದ್ದು ಒಂದು ಕಡ್ಡಿಪೆಟ್ಟಿಗೆ. ಒಳಗೆ ಮುತ್ತಲೆಲೆಯ ಚೂರು ಹಾಸಿ ಹುಲಿಗೆವ್ವ ಮಗಳ ಭೇದಿ ತಂದಿದ್ದಳು.

ನಾಲ್ಕು ವರ್ಷದ ಕಲಾವತಿಗೆ ಎಂಟು ತಿಂಗಳಿಂದ ಭೇದಿ ನಿಂತಿರಲಿಲ್ಲ. ಕರುಳಲ್ಲಿ ಹುಳ ಹೊಕ್ಕಿರಬೇಕು, ಬಿಸಿಯಿದ್ದಾಗಲೇ ತಂದರೆ ಹುಳ ಕಾಣಿಸುವ ಭಿಂಗದಲ್ಲಿ ನೋಡಿ ಔಷಧ ಕೊಡುತ್ತೇನೆ ಎಂದಿದ್ದರು ಡಾಕ್ಟರು. ಎರಡು ಸಲ ತಂದಳು. ಎರಡು ಸಲವೂ ನರಹರಿ, "ಒಣಗೇದ, ನಾಳೆ ತಾ" ಎಂದು ಎಸೆಯಿಸಿದ. ಒಣಗದೆ ಏನು ಮಾಡೀತು? ಕಾಲನಿಯ ನಲವತ್ತು ಪಾಯಖಾನೆ ಬಳಿದು, ಬುಟ್ಟಿ ಹೊತ್ತು ಹಾಕಿ ಬರುವಷ್ಟರಲ್ಲಿ ಹೊತ್ತು ನೆತ್ತಿಗೇರುತ್ತಿತ್ತು. ಇವತ್ತು ಬುಟ್ಟಿಯನ್ನು ಅಲ್ಲೇ ಬಿಟ್ಟು, ಮಗುವನ್ನೆತ್ತಿಕೊಂಡು ಓಡಿಬಂದಿದ್ದಳು.

ಗಂಡ ಸತ್ತ ಮೇಲೆ ಈ ನಾಗಪುರದಲ್ಲಿ ಅವಳೊಡನೆ ಕನ್ನಡ ಆಡುವ ಪ್ರಾಣಿಯೇ ಇರಲಿಲ್ಲ. ನರಹರಿ ಧಾರವಾಡ ಕಡೆಯವನೆಂದು ತಿಳಿದ ದಿನ ತವರಿನವರು ಸಿಕ್ಕಂತೆ ಹಿಗ್ಗಿದ್ದಳು, ಹುಚ್ಚಿ. ಈಗ ಅವಳ ಕಿವಿಗೆ ಬೀಳುವ ಕನ್ನಡವೆಂದರೆ ಅವನ ಬೈಗಳೊಂದೇ.

"ಬಿಸಿ ಐತ್ರಿ ಯಪ್ಪಾ. ಡಾಕ್ಟರ್ ಸಾಹೇಬ್ರಿಗೆ ಕೊಡ್ರಿ. ಕೂಸು ಉಳಿಯಂಗಿಲ್ರಿ."

"ನಾ ಮುಟ್ಟಲೇನು ಅದನ್ನ? ಒಳಗ ಒಯ್ಲಿಕ್ಕೆ ದವಾಖಾನಿ ಹೊಲಸು ಬಳಿಯೋ ಭಂಗಿ ಬರಬೇಕು. ಅವಾ ರಜಾ ಹಾಕ್ಯಾನ. ಎತ್ಕೊಂಡು ನಡಿ, ಜಲ್ದಿ."

"ನಾನ ಒಯ್ತೀನ್ರಿ ಒಳಗ."

"ಕಾಲಿಟ್ಟಿ ಅಂದ್ರ ಕಾಲು ಮುರೀತೀನಿ, ಬೋಸುಡಿ!"

ಹುಲಿಗೆವ್ವ ಪೆಟ್ಟಿಗೆಗೆ ಕೈ ಚಾಚಿದಳು. ಹೆಗಲ ಮೇಲೆ ಮಗು ಅಳುವ ತ್ರಾಣವೂ ಇಲ್ಲದೆ ಜೋತುಬಿದ್ದಿತ್ತು. ಚಾಚಿದ ಕೈ ಹಿಂದೆಗೆದುಕೊಂಡು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹೊಸ್ತಿಲಲ್ಲೇ ಕೂತುಬಿಟ್ಟಳು.

"ನಿಮ್ಮನೀದು ಆರು ವರ್ಷ ತಲಿ ಮ್ಯಾಲ ಹೊತ್ತೀನ್ರಿ. ನಿಮ್ಮ ಕೂಸಿಂದೂ ಹೊತ್ತೀನಿ. ಇವತ್ತ ಇದೊಂದ ನೀವ ಎತ್ರಿ. ಅಲ್ಲೀಮಟ ಕಾಲನ್ಯಾಗ ಒಂದ ಬುಟ್ಟೀನೂ ಏಳಂಗಿಲ್ಲ."

ನರಹರಿ ಹಿಂದಿಯಲ್ಲಿ ಕೂಗಿದ, ಮರಾಠಿಯಲ್ಲಿ ಕೂಗಿದ. ಸಾಲಿನಲ್ಲಿದ್ದ ರೋಗಿಗಳು ಮೂಗು ಮುಚ್ಚಿ ದೂರ ಸರಿದರು.

ಹೊತ್ತೇರಿತು. ಕಡ್ಡಿಪೆಟ್ಟಿಗೆಗೆ ನೊಣ ಮುತ್ತಿದವು.

"ಒಣಗಿತು, ಹೋಗಿನ್ನ," ಎಂದು ನರಹರಿ ನಕ್ಕ.

ಆಗಲೇ ಹುಲಿಗೆವ್ವನ ತೊಡೆ ಬೆಚ್ಚಗೆ ತೊಯ್ದಿತು. ಅವಳು ಒರೆಸಿಕೊಳ್ಳಲಿಲ್ಲ, ಏಳಲೂ ಇಲ್ಲ.

"ತಾಜಾ ಬೇಕಂದಿದ್ರೆಲ್ರೀ," ಎಂದಳು. "ಬಂದೈತಿ. ಎತ್ರಿ."