ತುದಿಯಿಲ್ಲದ ಚಾಕು

ಗ್ರೇಕಾ ಶಾಲಿನೊಳಗಿಂದ ಗಂಡನ ಮಡಚುವ ಚಾಕನ್ನು ತೆಗೆದು ಕುಲುಮೆಯ ಅಡಿಗಲ್ಲಿನ ಮೇಲಿಟ್ಟಳು. ಅದನ್ನು ಕಂಡ ಕೂಡಲೇ ಕಮ್ಮಾರ ಲುಸೋರ್ಯು ಕೈಯಲ್ಲಿದ್ದ ಅರವನ್ನು ಬದಿಗಿಟ್ಟು ಎದ್ದು ನಿಂತ. ಟೋಪಿ ತೆಗೆದ. ಹಣೆ, ಎದೆ, ಎರಡೂ ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡ.

"ಯಾವಾಗ ಹೋದ್ರು?" ಅಂದ.

"ಇನ್ನೂ ಇದ್ದಾರೆ, ಗೊಪಾಯ್. ಅಂಗಳದಲ್ಲಿ ಬಿಸಿಲಿಗೆ ಕೂತಿದ್ದಾರೆ. ಟೋಪಿ ಹಾಕ್ಕೊಳ್ಳಿ ನೀವು."

ಲುಸೋರ್ಯು ಟೋಪಿ ಹಾಕಿಕೊಳ್ಳಲಿಲ್ಲ. ಅದನ್ನು ಕೈಯಲ್ಲೇ ಹಿಂಡುತ್ತ ಚಾಕನ್ನು ನೋಡಿದ. ಮೊದಲು ಅವನ ಮುಖದಲ್ಲಿ ನೆಮ್ಮದಿ ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಅವನು ತಪ್ಪು ತಿಳಿದದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಾರ್ಡಿನಿಯಾ ದ್ವೀಪದ ಆ ಗಣಿಯ ಊರಿನಲ್ಲಿ ಗಂಡಸಿನ ಚಾಕನ್ನು ಹೆಂಗಸು ಕುಲುಮೆಗೆ ತರುವುದು ಒಂದೇ ಕಾರಣಕ್ಕೆ. ಸಾಣೆ ಹಿಡಿಸಬೇಕೆಂದರೆ ಗಂಡಸು ತಾನೇ ಬರುತ್ತಾನೆ. ಅವನು ಸತ್ತ ದಿನ ಹೆಂಡತಿ ತರುತ್ತಾಳೆ. ಲುಸೋರ್ಯು ಕೀಲಿನ ಮೊಳೆಗೆ ಹಿಂದಿನಿಂದ ಒಂದು ಪೆಟ್ಟು ಕೊಟ್ಟು ಸಡಿಲ ಮಾಡುತ್ತಾನೆ. ಅಲಗು ತೂಗಾಡುತ್ತದೆ. ಹಾಗೆ ಸಡಿಲವಾದ ಚಾಕನ್ನು ಪೆಟ್ಟಿಗೆಯಲ್ಲಿ ಸತ್ತವನ ಬಲಗೈಯ ಬಳಿ ಇಡುತ್ತಾರೆ. ಸತ್ತವರ ಹೆಬ್ಬೆರಳಿಗೆ ಕಸುವಿರುವುದಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಕಡೆಯ ದಿನ ಕರ್ತನು ಮೇಜು ಹಾಸಿ ಎಲ್ಲರನ್ನೂ ಕರೆದಾಗ, ಮೊಳೆ ಬಿಗಿಯಾಗಿದ್ದರೆ ಆ ಬಡಪಾಯಿ ರೊಟ್ಟಿಯ ಮುಂದೆ ಮುಚ್ಚಿದ ಚಾಕು ಹಿಡಿದು ನಾಚಿಕೊಂಡು ಕೂರಬೇಕಾಗುತ್ತದೆ. ಪಾದ್ರಿಗಳು ಇದನ್ನು ಕೇಳಿ ಮೊದಮೊದಲು ಗದರಿದರು. ಆಮೇಲೆ ಸುಮ್ಮನಾದರು. ಈಗ ಆ ಚಾಕಿನ ಮೇಲೂ ಎರಡು ಹನಿ ಪವಿತ್ರ ಜಲ ಚಿಮುಕಿಸುತ್ತಾರೆ.

"ಇದ್ದಾರೆ ಅಂದ ಮೇಲೆ ಇದನ್ನ ಯಾಕೆ ತಂದ್ರಿ, ಗೊಮಾಯ್?" ಎಂದು ಲುಸೋರ್ಯು ಕೇಳಿದ.

ಗ್ರೇಕಾ ಬಾಗಿಲಿನ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳತೊಡಗಿದಳು. ಗಂಡ ತೂಕಡಿಸುವಾಗ ಅವನಿಗೆ ತಿಳಿಯದಂತೆ ಚಾಕು ತಂದಿದ್ದಳು. ಅವಳ ಗಂಡ ಅಂತಿಯೋಗುವಿಗೆ ಗಣಿಯ ಧೂಳು ಹತ್ತಿದ್ದು ಊರಿಗೆಲ್ಲ ಗೊತ್ತಿದ್ದದ್ದೇ. ಅವನ ಎದೆಯಲ್ಲಿ ಕಲ್ಲು ಕಟ್ಟುತ್ತಿದೆ, ಅದಕ್ಕೆ ಮದ್ದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಅದು ಹಳೆಯ ಸಂಗತಿ. ಹೊಸದೇನೆಂದರೆ, ಪಾಸ್ಕ ಹಬ್ಬಕ್ಕೆ ಮುಂಚಿನ ಉಪವಾಸದ ತಪಸ್ಸು ಕಾಲ ಶುರುವಾದಾಗಿನಿಂದ ಅವನು ಮೇಜಿನ ಮುಂದೆ ಕೂತು, ಚಾಕು ತೆಗೆದು, ಹಿಡಿಯನ್ನು ಅಂಗೈಯಲ್ಲಿಟ್ಟು, ಅಲಗಿನ ಕಚ್ಚಿಗೆ ಉಗುರು ಸಿಕ್ಕಿಸಿ, ಹಾಗೇ ಕೂತುಬಿಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಹಸಿವಿಲ್ಲ ಎಂದು ಚಾಕನ್ನು ಜೇಬಿಗೆ ಹಾಕುತ್ತಿದ್ದ.

"ಉಪವಾಸ ಅಂದ್ರು, ನಂಬಿದೆ," ಅಂದಳು. "ಪಾಸ್ಕ ಕಳೀತು. ಈಗೆಂಥ ಉಪವಾಸ? ಅವರಿಗೆ ಚಾಕು ಬಿಚ್ಚೋಕೆ ಆಗ್ತಾ ಇಲ್ಲ, ಗೊಪಾಯ್."

ಅವಳು ಮಾಡದ ಉಪಾಯವಿರಲಿಲ್ಲ. ರೊಟ್ಟಿಯನ್ನು ತಾನೇ ಕೊಯ್ದು ತಟ್ಟೆಯಲ್ಲಿಟ್ಟಳು. ಕೋಳಿಗೆ ಹಾಕಿದ ಕಾಳನ್ನು ನೋಡುವಂತೆ ಅವನು ಅದನ್ನು ನೋಡಿದ. ಇನ್ನೊಂದು ದಿನ ಅವನು ಮಲಗಿದ್ದಾಗ ಚಾಕನ್ನು ಬಿಚ್ಚಿ ತಟ್ಟೆಯ ಪಕ್ಕ ಇಟ್ಟಳು. ಅವನು ಅದನ್ನು ತೊಡೆಗೆ ಒತ್ತಿ ಮುಚ್ಚಿ, ಜೇಬಿಗಿಟ್ಟು, ಹಾಸಿಗೆಗೆ ಹೋದ. ಸಾರು ಕುಡಿಯುತ್ತಾನೆ, ಹಾಲು ಕುಡಿಯುತ್ತಾನೆ. ಇನ್ನೊಬ್ಬರ ಕೈಯಿಂದ ಕೊಯ್ದ ರೊಟ್ಟಿ ಮಾತ್ರ ಅವನ ಗಂಟಲಲ್ಲಿ ಇಳಿಯದು.

ಲುಸೋರ್ಯು ಕಡೆಗೆ ಚಾಕನ್ನು ಕೈಗೆತ್ತಿಕೊಂಡ. ಕೈಗೆ ಬಂದ ಮೇಲೆ ಅವನಿಗೆ ಸಿಟ್ಟು ಮರೆತುಹೋಯಿತು. ಅದು ಅವನೇ ಮಾಡಿದ ಚಾಕು. ಅಂತಿಯೋಗು ಮೊದಲ ಸಲ ಗಣಿಗೆ ಇಳಿಯುವ ವರ್ಷ, ಇಬ್ಬರಿಗೂ ಮೀಸೆ ಚಿಗುರುತ್ತಿದ್ದಾಗ, ಗೆಳೆಯನ ಅಂಗೈಯನ್ನು ದಾರದಿಂದ ಅಳೆದು ಮಾಡಿದ್ದು. ಹಿಡಿ ಟಗರಿನ ಕೊಂಬು. ಒಂದು ಮಗ್ಗುಲಲ್ಲಿ ಜೇನಿನ ಬಣ್ಣದ ಗೆರೆ ಹಾಗೇ ಇತ್ತು, ಇನ್ನೊಂದು ಮಗ್ಗುಲು ಅಂಗೈ ತಿಕ್ಕಿ ತಿಕ್ಕಿ ನದಿಯ ಕಲ್ಲಿನಂತಾಗಿತ್ತು. ಅವನು ಅಲಗನ್ನು ಬಿಚ್ಚಿದ. ಹಿಡಿಯ ಬಳಿ ಸಣ್ಣದಾಗಿ ಹೊರಟು, ಮುಂದಕ್ಕೆ ಹೋಗುತ್ತ ಅಗಲವಾಗಿ, ಎರಡು ಬೆರಳಿನಷ್ಟಾದಲ್ಲಿ ಥಟ್ಟನೆ ನೇರವಾಗಿ ನಿಲ್ಲುವ ಅಲಗು. ಚೂಪು ಇಲ್ಲ, ತುದಿಯೇ ಇಲ್ಲ, ಎತ್ತಿನ ನಾಲಿಗೆಯನ್ನು ಅಡ್ಡಕ್ಕೆ ಕೊಯ್ದ ಹಾಗೆ.

ಅಜ್ಜಂದಿರ ಕಾಲದಲ್ಲಿ, ಜನ ಒಬ್ಬರನ್ನೊಬ್ಬರು ಇರಿಯುತ್ತಾರೆಂದು ಸರ್ಕಾರ ಚೂಪು ಚಾಕು ಇಟ್ಟುಕೊಳ್ಳಬಾರದೆಂದಿತ್ತು. ಸಾರ್ಡಿನಿಯಾದ ಬೇರೆ ಊರುಗಳಲ್ಲಿ ಕಮ್ಮಾರರು ಸ್ವಲ್ಪ ಕಾಲ ತಲೆ ತಗ್ಗಿಸಿ, ಆಮೇಲೆ ಮತ್ತೆ ತುದಿ ಎಳೆದರು. ಈ ಊರಿನವರು ಎಳೆಯಲಿಲ್ಲ. ಗಣಿಯವನಿಗೆ ತುದಿಗಿಂತ ಅಗಲವೇ ಹೆಚ್ಚು ಒದಗಿತು. ಸಿಡಿಮದ್ದಿನ ಬತ್ತಿ ಸೀಳಲಿಕ್ಕೆ, ಬೂಟಿನ ಕೆಸರು ಕೆರೆಯಲಿಕ್ಕೆ, ಮಧ್ಯಾಹ್ನ ಅದೇ ಅಲಗನ್ನು ಪ್ಯಾಂಟಿಗೆ ಒರಸಿ ಮೆತ್ತನೆಯ ಚೀಸನ್ನು ರೊಟ್ಟಿಗೆ ಸವರಲಿಕ್ಕೆ, ಕೊನೆಗೆ ಮೇಜಿನ ಮೇಲಿನ ತುಣುಕುಗಳನ್ನು ಬಳಿದು ಬಾಯಿಗೆ ಹಾಕಿಕೊಳ್ಳಲಿಕ್ಕೆ. ಬೆಟ್ಟದ ಕುರುಬರು ಇದನ್ನು ಮೂಗು ಕೊಯ್ದ ಚಾಕು ಎಂದು ನಗುತ್ತಿದ್ದರು. "ನಿಮ್ದು ಇರಿಯೋಕೆ, ನಮ್ದು ಉಣ್ಣೋಕೆ," ಎಂದು ಅಂತಿಯೋಗು ಅವರ ಬಾಯಿ ಮುಚ್ಚಿಸುತ್ತಿದ್ದ. ಸಾಣೆಯ ಕಲ್ಲು ಅಲಗಿನ ಹೊಟ್ಟೆಯನ್ನು ಸವೆಸಿತ್ತು. ಆ ನೇರವಾದ ಕೊನೆ ಮಾತ್ರ ಅಂದಿನಂತೆಯೇ ಇತ್ತು. ಲುಸೋರ್ಯು ಅದರ ಮೇಲೆ ಹೆಬ್ಬೆರಳಾಡಿಸಿ, ತನ್ನ ಕೈಯಿಂದ ಇಂಥದು ಇನ್ನೊಂದು ಆಗಲಿಲ್ಲ ಎಂದುಕೊಂಡ. ಹಾಗೆ ಅಂದುಕೊಂಡದ್ದು ಜಂಬವಾಗಬಾರದೆಂದು ಗೋಡೆಯ ಮೇಲಿದ್ದ, ಗಣಿಯವರನ್ನು ಕಾಯುವ ಸಂತ ಬಾರ್ಬರಾಳ ಪಟದ ಕಡೆ ನೋಡಿದ.

ಅವನ ಚಾಕುಗಳ ಕೀಲು ಬಿಗಿ. ಸುರಂಗದಲ್ಲಿ ತೆವಳುವವನ ಜೇಬಿನಲ್ಲಿ ಚಾಕು ತಾನಾಗಿ ಬಾಯಿ ಬಿಟ್ಟರೆ ತೊಡೆ ಸೀಳುತ್ತದೆ. ಬಿಗಿಯಾದ ಮೊಳೆಗೇ ಅವನು ಹೆಸರುವಾಸಿ.

ಅವನು ಎಣ್ಣೆ ಬಿಟ್ಟು ಕೀಲನ್ನು ಒರಸಿದ. ಹಳೆಯ ಕೊಳೆ ಬಂತು. ಬಿಚ್ಚಿ ಮುಚ್ಚಿ ನೋಡಿದ. ಈಗ ಸಲೀಸು ಎಂದು ಗ್ರೇಕಾಳ ಕೈಗೆ ಕೊಟ್ಟ. ಅವಳು ಚಾಕನ್ನು ಬದಿಗಿಟ್ಟು, ಅವನ ಮಣಿಕಟ್ಟನ್ನು ಹಿಡಿದು, ಅದರ ಮೇಲೆ ತನ್ನ ಹೆಬ್ಬೆರಳನ್ನು ಇಟ್ಟಳು. ಇಟ್ಟಳೋ ಇಲ್ಲವೋ ಎಂಬಂತಿತ್ತು.

"ಅವರಿಗೆ ಈಗ ಇಷ್ಟೇ ಬಲ ಇರೋದು," ಅಂದಳು. "ರಾತ್ರಿ ಕೆಮ್ಮು ಬಂದಾಗ ನನ್ನ ಕೈ ಹಿಡ್ಕೋತಾರೆ, ಅದಕ್ಕೇ ಗೊತ್ತು. ಎಣ್ಣೆ ಸಾಲದು. ಮೊಳೆ ಸಡಿಲ ಮಾಡಿ."

"ಬದುಕಿರೋರ ಚಾಕು ನಾನು ಸಡಿಲ ಮಾಡಲಾರೆ, ಗೊಮಾಯ್."

"ಪೂರ್ತಿ ಬೇಡ. ಸ್ವಲ್ಪ."

"ಸ್ವಲ್ಪ ಸತ್ತವರು ಅಂತ ಎಲ್ಲಾದ್ರೂ ಇರ್ತಾರಾ?"

"ನಮ್ಮನೇಲಿದ್ದಾರೆ," ಅಂದಳು ಗ್ರೇಕಾ. "ಬಂದು ನೋಡಿ."

ಲುಸೋರ್ಯು ಚಾಕನ್ನು ಮತ್ತೆ ಕೈಗೆತ್ತಿಕೊಂಡ. ಗಂಡಹೆಂಡಿರ ಒಬ್ಬಳೇ ಮಗಳ ಜ್ಞಾನಸ್ನಾನದ ದಿನ ಜ್ಞಾನತಂದೆಯಾಗಿ ಮಗುವನ್ನು ಎತ್ತಿಕೊಂಡು ನಿಂತವನು ಅವನು. ಅಂದಿನಿಂದ ಅವರಿಗೆ ಇವನು ಗೊಪಾಯ್, ಇವನಿಗೆ ಅಂತಿಯೋಗುವೂ ಗೊಪಾಯ್, ಗ್ರೇಕಾ ಗೊಮಾಯ್. ಒಂದೇ ಓಣಿಯಲ್ಲಿ ಹೋಗೋ ಬಾರೋ ಎಂದು ಬೆಳೆದ ಗೆಳೆಯರಿಬ್ಬರು ದೇವರ ಮುಂದೆ ನೆಂಟರಾದ ಮೇಲೆ ರೂಢಿಯಂತೆ ಬಹುವಚನಕ್ಕೆ ತಿರುಗಿದರು. ಮಗು ವರ್ಷ ತುಂಬುವ ಮೊದಲೇ ಕರ್ತನ ಬಳಿಗೆ ಹೋಯಿತು. ಆ ಕರೆ, ಆ ಬಹುವಚನ ಮಾತ್ರ ಉಳಿದವು.

ಅವನು ಚಾಕನ್ನು ಅಡಿಗಲ್ಲಿನ ಮೇಲೆ ಮಗುಚಿ ಇಟ್ಟು, ಮೊಳೆಯ ತಲೆಗೆ ಸಣ್ಣ ಉಳಿ ಹಿಡಿದು, ಒಂದು ಪೆಟ್ಟು ಹಾಕಿದ. ಮೆಲ್ಲಗೆ ಹಾಕಬೇಕೆಂದುಕೊಂಡಿದ್ದ. ಆದರೆ ಎಷ್ಟೋ ವರ್ಷಗಳಿಂದ ಕೈಗೆ ಅಭ್ಯಾಸವಾದದ್ದು ಒಂದೇ ಪೆಟ್ಟು, ಸತ್ತವರಿಗೆ ಹಾಕುವ ಪೆಟ್ಟು. ಎತ್ತಿ ನೋಡಿದರೆ ಅಲಗು ಜೋತುಬಿತ್ತು.

ಗ್ರೇಕಾ ಬಾಯಿಗೆ ಶಾಲು ಒತ್ತಿಕೊಂಡಳು. ಮತ್ತೆ ಬಿಗಿ ಮಾಡಿದರೆ ಮೊದಲಿನಷ್ಟೇ ಬಿಗಿಯಾಗುತ್ತದೆ, ಮಧ್ಯದಲ್ಲಿ ನಿಲ್ಲುವ ಮೊಳೆ ಇದಲ್ಲ ಎಂದು ಲುಸೋರ್ಯು ಹೇಳಿದ. ಆಮೇಲೆ ಸಂತ ಬಾರ್ಬರಾಳ ಪಟದ ಹಿಂದೆ ಕೈಹಾಕಿ, ಮೇಣದಬತ್ತಿಗಳ ಹಬ್ಬದಂದು ಇಗರ್ಜಿಯಲ್ಲಿ ಪಾದ್ರಿ ಹರಸಿ ಕೊಟ್ಟಿದ್ದ ಬತ್ತಿಯ ತುಂಡನ್ನು ತೆಗೆದ. ಶುದ್ಧ ಜೇನುಮೇಣ. ಕೆಂಡದ ಮೇಲೆ ಕರಗಿಸಿ ಕೀಲಿನೊಳಕ್ಕೆ ಹನಿಹನಿಯಾಗಿ ಬಿಟ್ಟ. ಆರಿದ ಮೇಲೆ ಅಲಗು ನಿಂತಲ್ಲಿ ನಿಂತಿತು. ಬೆರಳು ತಾಗಿಸಿದರೆ ಬೆಣ್ಣೆಯಂತೆ ಬಿಚ್ಚಿಕೊಂಡಿತು. ಗ್ರೇಕಾ ಅದೇ ಹಗುರವಾದ ಹೆಬ್ಬೆರಳಿನಿಂದ ಬಿಚ್ಚಿ ನೋಡಿದಳು. ಅವಳು ಹೋದ ಮೇಲೆ ಲುಸೋರ್ಯು ಪಟದ ಮುಂದೆ ಮಂಡಿಯೂರಿ ಕ್ಷಮೆ ಬೇಡಿದ. ಯಾವುದಕ್ಕೆ ಎಂದು ಹೇಳಲಿಲ್ಲ. ಬಾರ್ಬರಾಳಿಗೆ ಗೊತ್ತಿರುತ್ತದೆ.

ಮರುದಿನ ಗ್ರೇಕಾ ನೀರಿಗೆ ಹೋಗುತ್ತ ಕುಲುಮೆಯ ಮುಂದೆ ಹಾದಳು. ನಿಲ್ಲಲಿಲ್ಲ. ತಲೆಯ ಮೇಲೆ ಕೊಡ ಇದ್ದುದರಿಂದ ಕಣ್ಣು ಮಾತ್ರ ಮುಚ್ಚಿ ತೆರೆದಳು. ತಿಂದರು ಎಂದು ಅದರ ಅರ್ಥ. ಅದರ ಮಾರನೆಯ ದಿನವೂ ಹಾಗೇ ಹಾದುಹೋದಳು. ಶನಿವಾರ ಮಾತ್ರ ಒಳಗೆ ಬಂದು, ಭಾನುವಾರ ಪೂಜೆ ಮುಗಿಸಿ ಊಟಕ್ಕೆ ಬರಬೇಕಂತೆ ಎಂದು ಗಂಡನ ಮಾತನ್ನು ತಲುಪಿಸಿದಳು. ಹೇಳುವಾಗ ಅವಳ ಮುಖದಲ್ಲಿ ಸಂತೋಷವಿರಲಿಲ್ಲ. ಏನಾಯಿತೆಂದು ಕೇಳಿದರೆ, "ಬನ್ನಿ, ನಿಮಗೇ ಹೇಳ್ತಾರೆ," ಅಂದಳು.

ಅಂತಿಯೋಗು ಬೆಳಗಿನಿಂದ ಅಂಗಳದ ಬಿಸಿಲಿನಲ್ಲಿ ಗೋಡೆಗೊರಗಿ ಕೂತಿದ್ದ. ಅಂಗಿಯ ಕಾಲರಿನಲ್ಲಿ ಕತ್ತು ಸೊರಗಿ, ಬೇರೆ ಯಾರದೋ ಅಂಗಿ ತೊಟ್ಟವನಂತೆ ಕಾಣುತ್ತಿದ್ದ. ಕೆನ್ನೆ ಮಾತ್ರ ಕೆಂಪಗಿತ್ತು. ಕೈ ಹಿಡಿದಾಗ ಲುಸೋರ್ಯುವಿಗೆ ಆ ಬಿಸಿ ತಟ್ಟಿತು. ಜ್ವರದ ಬಿಸಿ. ಅವನು ಎಲ್ಲವನ್ನೂ ಲೆಕ್ಕ ಹಾಕಿದ್ದ, ಇದನ್ನು ಹಾಕಿರಲಿಲ್ಲ.

"ಗೊಪಾಯ್, ನಿಮ್ಮ ಕುಲುಮೆ... ನನಗಿಂತ ಜಾಸ್ತಿ ಕೆಮ್ಮುತ್ತೆ," ಎಂದ ಅಂತಿಯೋಗು, ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತ.

"ಅದಕ್ಕೂ ವಯಸ್ಸಾಯ್ತು, ಗೊಪಾಯ್."

ಮೇಜಿನ ಮೇಲೆ ದೊಡ್ಡ ರೊಟ್ಟಿ, ಕುರಿಹಾಲಿನ ಚೀಸು, ಹಸಿ ಅವರೆಯಂಥ ದಪ್ಪ ಕಾಳಿನ ಪಲ್ಯ, ಒಂದು ಹೂಜಿ ದ್ರಾಕ್ಷಾರಸ ಇದ್ದವು. ಗ್ರೇಕಾ ಕೂರದೆ ಒಲೆಯ ಬಳಿಯೇ ನಿಂತಿದ್ದಳು. ಅಂತಿಯೋಗು ಅವಳನ್ನೂ ಕರೆದು ಕೂರಿಸಿದ. ಎದೆಯ ಮುಂದೆ ಕೈಜೋಡಿಸಿ ಪ್ರಾರ್ಥನೆ ಹೇಳಿದ. ನಿತ್ಯದ ರೊಟ್ಟಿ ಎಂಬಲ್ಲಿ ಉಸಿರು ಸಿಗದೆ ನಿಂತ, ಉಳಿದವರು ಕಾದರು, ಅವನು ಮುಗಿಸಿದ. ಆಮೇಲೆ ತಾನು ಲುಸೋರ್ಯುವನ್ನು ಕರೆಸಿದ್ದು ಯಾಕೆಂದು ಹೇಳಿದ. ಈ ವಾರ ತನ್ನ ಕೈಗೆ ಬಲ ತಿರುಗಿದೆ. ಯಾರಿಗೂ ಹೇಳಿರಲಿಲ್ಲ, ತಪಸ್ಸು ಕಾಲದಲ್ಲಿ ತನಗೆ ಚಾಕು ಬಿಚ್ಚಲೂ ಆಗುತ್ತಿರಲಿಲ್ಲ. ದೇವರ ದಯೆ, ಪಾಸ್ಕ ಕಳೆದ ಮೇಲೆ ಒಂದು ದಿನ ಹೆಬ್ಬೆರಳಿಟ್ಟರೆ ಬಿಚ್ಚಿಕೊಂಡಿತು.

"ಅದೂ ನಿಮ್ಮ ಚಾಕು," ಎಂದ. "ನಿಮ್ಮ ಮೊಳೆ. ಬಿಚ್ಚೋಕೆ ಎತ್ತು ಕಟ್ಟಿ ಎಳೆಸ್ಬೇಕು ಅಂತಿದ್ರಲ್ಲ... ಊರೋರು. ಬೇಸಿಗೆ ಹೊತ್ತಿಗೆ ಸಂತ ಬಾರ್ಬರಾ ಗುಡಿ ತನಕ ನಡೀತೀನಿ ನೋಡಿ. ಇವಳಿಗೆ ಹೇಳಿದ್ರೆ ಅಳ್ತಾಳೆ. ಸಂತೋಷಕ್ಕೂ ಅಳೋದಾ, ಇವಳು?"

ಗ್ರೇಕಾ ತಟ್ಟೆಯ ಅಂಚನ್ನು ಸೆರಗಿನಂಥ ಶಾಲಿನ ತುದಿಯಿಂದ ಒರಸುತ್ತಿದ್ದಳು. ಲುಸೋರ್ಯು ಗಾಜಿನ ಲೋಟ ಎತ್ತಿ ಕುಡಿಯದೆ ಕೆಳಗಿಟ್ಟ.

"ನೋಡಿ," ಎಂದು ಅಂತಿಯೋಗು ತೋಳಿಲ್ಲದ ಕೋಟಿನ ಒಳಜೇಬಿಗೆ ಕೈ ಹಾಕಿದ. ಬೆಳಗಿನಿಂದ ಬಿಸಿಲು, ಅದರ ಒಳಗೆ ಜ್ವರ, ಕೀಲಿನ ಮೇಣ ಮೆತ್ತಗಾಗಿತ್ತು. ಅವನು ಚಾಕನ್ನು ಹೊರಗೆ ತೆಗೆದ. ಹೆಬ್ಬೆರಳನ್ನು ಇನ್ನೂ ಕಚ್ಚಿಗೆ ತಾಗಿಸಿರಲಿಲ್ಲ. ಅಲಗು ತಾನಾಗಿ ಬಿಚ್ಚಿಕೊಂಡು ಕೆಳಕ್ಕೆ ಜೋತುಬಿತ್ತು.

ಅಂತಿಯೋಗು ಕೈಯನ್ನು ಸ್ವಲ್ಪ ವಾಲಿಸಿದ. ಅಲಗು ಆ ಕಡೆಗೆ ಹೋಯಿತು. ಈ ಕಡೆಗೆ ವಾಲಿಸಿದ. ಈ ಕಡೆಗೆ ಬಂತು. ಗಣಿಯಲ್ಲಿ ಸತ್ತ ಎಷ್ಟೋ ಗೆಳೆಯರ ಪೆಟ್ಟಿಗೆಗೆ ಹೆಗಲು ಕೊಟ್ಟವನು, ಅವರ ಬಲಗೈಯ ಬಳಿ ಇಂಥ ಚಾಕು ಇಟ್ಟದ್ದನ್ನು ನೋಡಿದವನು. ಅವನು ಕೀಲನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದ. ಹೆಂಡತಿಯ ಕಡೆ ತಿರುಗಲಿಲ್ಲ. ಲುಸೋರ್ಯುವನ್ನೇ ನೋಡಿದ.

"ನಾನ್ಯಾವಾಗ ಹೋದ್ನೋ, ಲುಸೋರ್ಯು?" ಎಂದ.

ಅವನ ಬಾಯಿಂದ ಏಕವಚನ ಕೇಳಿ ಎಷ್ಟು ಕಾಲವಾಗಿತ್ತೋ. ಲುಸೋರ್ಯು ಊಟಕ್ಕೆಂದು ಮೇಜಿನ ಮೇಲೆ ಇಟ್ಟಿದ್ದ ತನ್ನ ಚಾಕನ್ನು ಬಿಚ್ಚದೆಯೇ ಜೇಬಿಗೆ ಹಾಕಿಕೊಂಡ.

ಅಂತಿಯೋಗು ರೊಟ್ಟಿಯನ್ನು ಎದೆಗೆ ಒತ್ತಿ ಹಿಡಿದ. ಇನ್ನೊಂದು ಕೈಯಲ್ಲಿ, ಅಲಗು ವಾಲದಂತೆ ಅದರ ಬೆನ್ನಿಗೆ ಬೆರಳು ಕೊಟ್ಟು, ಮೆಲ್ಲಗೆ ಕೊಯ್ದ. ಒಂದು ಚೂರನ್ನು ಹೆಂಡತಿಯ ಮುಂದಿಟ್ಟ, ಒಂದನ್ನು ಗೆಳೆಯನ ಮುಂದಿಟ್ಟ, ಕಡೆಯದನ್ನು ತನಗಿಟ್ಟುಕೊಂಡ. ಅಲಗಿನ ಆ ಅಗಲ ಕೊನೆಯಿಂದ ಮೂರರ ಮೇಲೂ ಚೀಸು ಸವರಿದ. ಚಾಕನ್ನು ಮುಚ್ಚಲಿಲ್ಲ, ತಟ್ಟೆಯ ಬಲಕ್ಕೆ ಹಾಗೇ ಬಿಚ್ಚಿಟ್ಟ.

"ತಿನ್ನಿ," ಎಂದ.

ರೊಟ್ಟಿಗೆ ಮೇಣದಬತ್ತಿಯ ವಾಸನೆಯಿತ್ತು. ಮೂವರೂ ತಲೆ ಎತ್ತದೆ ಅಗಿದರು.