ಕತ್ತರಿ ಕಚ್ಚಿದ ಕೈ

ನಾಯಿಮರಿ ಕಚ್ಚಿದ ಕೂಡಲೇ "ಅಯ್ಯೋ" ಅಂತ ಕೂಗಿ, ಕೈ ಎಳೆದುಕೊಂಡು, ಬೆನ್ನು ತಿರುಗಿಸಿ ಕೂರಬೇಕು. ಇಷ್ಟೇ ಪಾಠ. ದನದ ಡಾಕ್ಟರು ಹೇಳಿದಾಗ ಎಷ್ಟು ಸುಲಭ ಅನ್ನಿಸಿತ್ತು! "ನೋವಾಯ್ತು ಅಂತ ಮರಿಗೆ ಗೊತ್ತಾಗ್ಬೇಕಮ್ಮ. ಮನೇಲಿ ಎಲ್ರೂ ಹೀಗೇ ಮಾಡ್ಬೇಕು. ಒಬ್ರು ತಪ್ಪಿದ್ರೂ ಕೆಟ್ಟಿತು," ಅಂದಿದ್ದರು. ಮೂರು ವಾರ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತೇ ಹೊರತು ಮರಿ ಕಚ್ಚುವುದು ಬಿಡಲಿಲ್ಲ; ಎಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮುಂದಿನ ಕೋಣೆಯೇ ಅಂಗಡಿ. ನಾಯಿಮರಿಗೆ ಕತ್ತರಿ ಅಂತ ಹೆಸರು ಬಿದ್ದದ್ದು ಅದರ ಹಲ್ಲಿನಿಂದ. ಟೇಪು ಬಿಚ್ಚಿದರೆ ಟೇಪಿಗೆ ಬಾಯಿ, ಅಂಚು ಮಡಿಸಲು ಬಗ್ಗಿದರೆ ನನ್ನ ಮೊಣಕೈಗೆ ಬಾಯಿ. ಮೊನ್ನೆ ಅಳತೆ ಕೊಡಲು ಬಂದ ಟೀಚರಮ್ಮನ ಹಿಮ್ಮಡಿಗೇ ಹಲ್ಲು ಇಳಿಸಿತು. ಮರಿಗೆ ಚುಚ್ಚುಮದ್ದು ಆಗಿದೆ ಅಂತ ಚೀಟಿ ತೋರಿಸಿದೆ. ಅವರ ಕಾಲಿಗೆ ಬೀಳುವುದೊಂದು ಬಾಕಿ ಇತ್ತು.

ನನ್ನ ಗಂಡ ಅವತ್ತೇ ತೀರ್ಪು ಕೊಟ್ಟರು. "ನಾಯಿ ಬಾಲ ಡೊಂಕೇ ಕಣೇ. ಇನ್ನೊಬ್ರನ್ನ ಕಚ್ಚಲಿ, ಎಲ್ಲಿಂದ ತಂದ್ವೋ ಅಲ್ಲಿಗೇ ಬಿಟ್ಟು ಬರ್ತೀನಿ."

ನಮ್ಮ ಜೊತೆಗೇ ಇರುವ ನಮ್ಮಪ್ಪ ಅದನ್ನು ಕೇಳಿಸಿಕೊಂಡು, ಮರಿಯನ್ನು ಹತ್ತಿರ ಕರೆದುಕೊಂಡರು. ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಉಳಿ ಜಾರಿ ಬೆರಳು ಸೀಳಿದಾಗಲೂ ತುಟಿ ಬಿಚ್ಚಿದವರಲ್ಲ. ಲಕ್ವ ಹೊಡೆದ ಮೇಲೆ ಅವರ ಬಲಗೈ ಅಲ್ಲಾಡುತ್ತದೆ, ಆದರೆ ಬಿಸಿಯೂ ತಿಳಿಯದು, ತಂಪೂ ತಿಳಿಯದು. ಅವರಿಗೆ ಜೊತೆಯಾಗಲಿ ಅಂತಲೇ ಮರಿ ತಂದದ್ದು. ಆಮೇಲೆ ಅವರು ನಕ್ಕದ್ದೂ ಅದರ ಜೊತೆಗೇ. ಅದೂ ಹೋದರೆ ಅಪ್ಪ ಏನಾಗುತ್ತಾರೆ ಅಂತ ಯೋಚಿಸಲಿಕ್ಕೂ ನನ್ನಲ್ಲಿ ತ್ರಾಣ ಇರಲಿಲ್ಲ.

ಗುರುವಾರ ಮಧ್ಯಾಹ್ನ ಮಷಿನ್ನಿನ ದಾರ ಮುಗಿಯಿತು. ಹೊಸ ಉಂಡೆ ತರಲು ಒಳಗೆ ಹೋದೆ. ಅಪ್ಪ ಕಿಟಕಿ ಪಕ್ಕದ ಕುರ್ಚಿಯಲ್ಲಿ ಬಲಗೈ ಇಳಿಬಿಟ್ಟು ಕೂತಿದ್ದರು. ಕತ್ತರಿ ಅವರ ಹೆಬ್ಬೆರಳನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತಿತ್ತು. ನೆಲದ ಮೇಲೆ ನಾಲ್ಕು ಹನಿ ರಕ್ತ. ಅಪ್ಪ ಆ ಕೈಯನ್ನೇ ನೋಡುತ್ತಿದ್ದರು.

ನನ್ನ ಪಿತ್ತ ನೆತ್ತಿಗೇರಿತು. "ಏನಪ್ಪಾ ಇದು! ನಾನು ಗಂಟಲು ಹರ್ಕೊಂಡು ಸಾಯ್ತಿದ್ದೀನಿ, ನೀವು ಕೂತು ಕಚ್ಚಿಸ್ಕೊಳ್ತಿದ್ದೀರಾ? ದಿನಾ ಇದೇನಾ?"

"ದಿನಾ," ಅಂದರು.

"ಯಾಕೆ?"

"ಇವತ್ತಾದ್ರೂ ನೋಯುತ್ತೇನೋ ಅಂತ ನೋಡ್ತೀನಿ ಕಣಮ್ಮ."

ಕೈ ತೊಳೆದು, ಮುಲಾಮು ಹಚ್ಚಿ, ಚೂರು ಬಟ್ಟೆ ಸುತ್ತಿದೆ. ಅಳುವೂ ಬಂತು, ಬೈಗುಳವೂ ಬಂತು. "ಕಚ್ಚಿದ್ರೆ ಯಾರಿಗೂ ನೋಯಲ್ಲ ಅಂತ ಅದು ಕಲಿತಿರೋದು ಈ ಕೈಯಿಂದ. ನೋಯದಿದ್ರೂ ಹಲ್ಲು ತಾಗಿದ ತಕ್ಷಣ ಕೂಗಿ, ಕೈ ತಕ್ಕೊಳ್ಳಿ. ಇಲ್ಲಾಂದ್ರೆ ಕತ್ತರಿ ಮನೇಲಿರಲ್ಲ."

"ತಕ್ಷಣ ಕೂಗಿಬಿಟ್ರೆ, ಕೈಗೆ ಜೀವ ಬಂತೋ ಇಲ್ವೋ ಅಂತ ಗೊತ್ತಾಗೋದು ಹೇಗೆ?"

ದಾರದ ಉಂಡೆ ಎತ್ತಿಕೊಂಡೆ. ಹೊಲಿಯಲು ಎರಡು ಕೋಟು ಬಾಕಿ ಇದ್ದವು, ಹೋಗಿ ಕೂತೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ "ಅಯ್ಯೋ!" ಕೇಳಿಸಿತು. ಬೆಚ್ಚಿಬಿದ್ದೆ. ನಾನು ಹುಟ್ಟಿದಾಗಿನಿಂದ ಅಪ್ಪನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಮರುದಿನವೂ ಕೂಗಿದರು, ಅದರ ಮರುದಿನವೂ. ಕತ್ತರಿಯ ಹಲ್ಲು ದಿನದಿನಕ್ಕೆ ಮೆತ್ತಗಾಗುತ್ತಾ ಬಂತು. ಟೀಚರಮ್ಮ ಬಟ್ಟೆ ಒಯ್ಯಲು ಬಂದಾಗ ಬರೀ ಮೂಸಿ ಹೊರಟುಹೋಯಿತು. "ಪರವಾಗಿಲ್ವೇ, ಇರ್ಲಿ ಬಿಡು," ಅಂದರು ನನ್ನ ಗಂಡ.

ಹನ್ನೊಂದನೆಯ ದಿನ ಅಪ್ಪನ ಕೂಗು ಮೊದಲಿಗಿಂತ ಜೋರಾಗಿತ್ತು. ಆಸೆ ಕೆಟ್ಟದ್ದು ನೋಡಿ, ಮಷಿನ್ ಬಿಟ್ಟು ಓಡಿದೆ. ಅಪ್ಪ ಪಾಠದ ಪ್ರಕಾರ ಗೋಡೆಗೆ ಮುಖ ಮಾಡಿ ಕೂತಿದ್ದರು. ಬಲಗೈ ಕುರ್ಚಿಯ ಹಿಂದೆ ಜೋತುಬಿದ್ದಿತ್ತು.

"ಅಪ್ಪಾ, ನೋವಾಯ್ತಾ?"

"ಇಲ್ಲ ಕಣಮ್ಮ. ಕಣ್ಣಿಗೆ ಕಾಣ್ತು, ಕೂಗಿದೆ," ಅಂದರು ತಿರುಗದೆ. "ಈಗ ಏನ್ಮಾಡ್ತಿದೆ ಅದು?"

"ನಿಮ್ಮ ಕೈ ನೆಕ್ತಾ ಇದೆ ಅಪ್ಪಾ."